ಒಂದು ಸ್ಪೇಸ್, ಒಂದು ಸ್ಲ್ಯಾಶ್

ಹಳೇ ಲ್ಯಾಪ್‌ಟಾಪಿಂದ ಹೊಸದಕ್ಕೆ ಫೋಟೋ ಕಳಿಸೋ ಶೆಲ್ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಸಾಲಾಗಿ ಆಜ್ಞೆ ಕೊಡೋ ಪುಟ್ಟ ಫೈಲ್) ನಿನ್ನೆ ರಾತ್ರಿ ಹನ್ನೊಂದಕ್ಕೆ ಸರಿಹೋಯ್ತು. ಫೋಲ್ಡರ್ ಹೆಸರು ‘ಅಜ್ಜಿ ಮನೆ’. ನಡುವೆ ಒಂದೇ ಒಂದು ಸ್ಪೇಸ್. ಸ್ಕ್ರಿಪ್ಟಲ್ಲಿ ಆ ಹೆಸರನ್ನ ಹಿಡಿದಿಟ್ಟಿದ್ದ ವೇರಿಯಬಲ್‌ಗೆ ಡಬಲ್ ಕೋಟ್ ಹಾಕಿರಲಿಲ್ಲ. ಆಜ್ಞೆ ಓದಿ ನಡೆಸೋ ಶೆಲ್ ಅದನ್ನ ‘ಅಜ್ಜಿ’ ಒಂದು, ‘ಮನೆ’ ಇನ್ನೊಂದು ಅಂತ ಸೀಳಿ, ಎರಡೂ ಇಲ್ಲ ಅಂದುಬಿಡ್ತು. ಓದಿ ಎದೆ ಧಸಕ್ಕೆಂದಿತು. ಆ ಮನೆ ಮಾರಿ ಎಷ್ಟೋ ವರ್ಷ ಆಯ್ತು, ಉಳಿದಿರೋದು ಈ ಫೋಟೋಗಳಷ್ಟೇ.

ಕೋಟ್ ಹಾಕಿದ ಮೇಲೆ, ಫೈಲ್ ನಕಲು ಮಾಡಿ ಕಳಿಸೋ ಆರ್‌ಸಿಂಕ್ ಓಡಿತು. ಅದರಲ್ಲೂ ಒಂದು ಸೂಕ್ಷ್ಮ ಇದೆ: ಕಳಿಸೋ ಫೋಲ್ಡರಿನ ಹೆಸರಿನ ಕೊನೆಗೆ ಸ್ಲ್ಯಾಶ್ ಇದ್ರೆ ಒಳಗಿರೋದು ಮಾತ್ರ ಹೋಗುತ್ತೆ, ಇಲ್ದಿದ್ರೆ ಫೋಲ್ಡರ್ ಸಮೇತ ಹೋಗುತ್ತೆ. 1996ರಿಂದ ಇರೋ ಟೂಲ್ ಇದು, ಆದ್ರೂ ನಾನು ಪ್ರತಿ ಸಲ ಡ್ರೈ ರನ್ (ನಿಜವಾಗಿ ಕಳಿಸದೆ ಏನಾಗುತ್ತೆ ಅಂತ ತೋರಿಸೋ ಪರೀಕ್ಷೆ) ಮಾಡಿ ನೋಡಿಯೇ ಎಂಟರ್ ಒತ್ತೋದು.

ಪಾತ್‌ನ (ಫೈಲ್ ಇರೋ ಜಾಗದ ವಿಳಾಸದ) ಮುಂಭಾಗ ಕತ್ತರಿಸೋಕೆ ಬ್ಯಾಶ್ ಅನ್ನೋ ಶೆಲ್‌ನಲ್ಲಿ ಹ್ಯಾಶ್ (#), ಹಿಂಭಾಗಕ್ಕೆ ಪರ್ಸೆಂಟ್ (%). ಕೀಬೋರ್ಡಲ್ಲೂ ಡಾಲರ್‌ನ ಎಡಕ್ಕೆ ಹ್ಯಾಶ್, ಬಲಕ್ಕೆ ಪರ್ಸೆಂಟ್. ಹಾಗೆ ನೆನಪಿಟ್ಕೊಂಡಿದೀನಿ.

ಈಗ ಹೊಸ ಸ್ಕ್ರೀನ್ ಮೇಲೆ ಹಿತ್ತಲ ಬಾವಿಕಟ್ಟೆ ಫೋಟೋ ತೆರೆದಿದೆ. ಅಜ್ಜಿ ಹಗ್ಗ ಸುತ್ತಿ ಇಡ್ತಾ ಇದ್ದಾರೆ.