ಮಾಜ್ದಾ ಆರ್‌ಎಕ್ಸ್-8 ಪ್ರಾಜೆಕ್ಟ್ ಲಾಗ್: 9000 ಆರ್‌ಪಿಎಂವರೆಗೆ ಮತ್ತೆ ಏರಿಸುವ ಕೆಲಸ

ಕಾರು: ಮೊದಲ ಸರಣಿಯ ಆರ್‌ಎಕ್ಸ್-8, ಆರು ಗೇರಿನ ಮ್ಯಾನುವಲ್, 231 ಪಿಎಸ್ (ಅಶ್ವಶಕ್ತಿ) ರೋಟರಿ ಎಂಜಿನ್, ಅಂದರೆ ಪಿಸ್ಟನ್ ಬದಲು ಎರಡು ತ್ರಿಕೋನಾಕಾರದ ರೋಟರುಗಳು ತಿರುಗುವ ಬಗೆ. ಕೆಲಸ ಶುರುವಾದಾಗಿನ ಸ್ಥಿತಿ: ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ಸ್ಟಾರ್ಟರ್ ಬಹಳ ಹೊತ್ತು ತಿರುಗಿಸಬೇಕು. 4000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟಿದ ಮೇಲೆ ಉಸಿರು ಕಟ್ಟಿದಂತೆ ಎಳೆಯುತ್ತದೆ. ಐಡ್ಲಿಂಗ್ ಒಂದೇ ಸಮ ಇಲ್ಲ. ಮುಂದಿನ ಸಸ್ಪೆನ್ಷನ್‌ನಿಂದ ಕಿರ್‌ಗುಟ್ಟುವ ಸದ್ದು ಬರುತ್ತಿದೆ.

ಈ ಕಾರಿಗೆ ಯಾಕೆ ಇಷ್ಟು ಶ್ರಮ ಎಂದು ಕೇಳುವವರು ಮೊದಲು ಮುಂದಿಡುವುದು ಹೋಲಿಕೆಯ ಪಟ್ಟಿಯನ್ನೇ. 2003ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಇದನ್ನು ನಿಸ್ಸಾನ್ 350ಝಡ್ ಪಕ್ಕಕ್ಕೆ ನಿಲ್ಲಿಸಿ ಅಳೆದಿದ್ದಾರೆ. ಆ ಕಡೆ ಮೂರೂವರೆ ಲೀಟರಿನ ವಿ6, 360 ನ್ಯೂಟನ್ ಮೀಟರಿಗೂ ಹೆಚ್ಚು ಟಾರ್ಕ್ (ತಿರುಗಿಸುವ ಬಲ). ಈ ಕಡೆ 1308 ಸಿಸಿ, 211 ನ್ಯೂಟನ್ ಮೀಟರ್, ಅದೂ 5500 ಆರ್‌ಪಿಎಂನಲ್ಲಿ. ಇದರ ಮೇಲೆ ಎಂಜಿನ್ ಎಣ್ಣೆ ಕುಡಿಯುತ್ತದೆ, ಪೆಟ್ರೋಲ್ ಲೀಟರಿಗೆ 6ರಿಂದ 8 ಕಿಲೋಮೀಟರ್ ಓಡಿದರೆ ಪುಣ್ಯ. ಈ ಅಂಕಿಗಳಲ್ಲಿ ಸುಳ್ಳಿಲ್ಲ. ಆದರೆ ಪ್ರತಿ ಅಂಕಿಗೂ ಎಂಜಿನ್ನಿನೊಳಗೆ ಒಂದು ಕಾರಣವಿದೆ, ಮತ್ತು ಇಟ್ಟುಕೊಂಡವರು ಮೆಚ್ಚುವ ಗುಣವೂ ಅದೇ ಕಾರಣದಿಂದಲೇ ಬರುತ್ತದೆ. ಒಂದನ್ನು ತೆಗೆದರೆ ಇನ್ನೊಂದು ಉಳಿಯುವುದಿಲ್ಲ.

ಟಾರ್ಕ್ ನೋಡಿ. ರೋಟರ್ ಕೂತಿರುವ ಎಕ್ಸೆಂಟ್ರಿಕ್ ಶಾಫ್ಟಿನ ಎಕ್ಸೆಂಟ್ರಿಸಿಟಿ, ಅಂದರೆ ನಡುಬಿಂದುವಿನಿಂದ ಪಕ್ಕಕ್ಕೆ ಸರಿದ ದೂರ, ಬರೀ 15 ಮಿಲಿಮೀಟರ್. ತಿರುಗಿಸುವ ತೋಳೇ ಅಷ್ಟು ಚಿಕ್ಕದು, ಜೊತೆಗೆ ಟರ್ಬೊ ಇಲ್ಲ; ಕೆಳಗಿನ ಆರ್‌ಪಿಎಂನಲ್ಲಿ ಬಲ ಬರುವುದಾದರೂ ಎಲ್ಲಿಂದ? ಆದರೆ ಮೇಲೆ ಕೆಳಗೆ ಹೋಗಿಬರುವ ಪಿಸ್ಟನ್ ಇಲ್ಲ, ವಾಲ್ವ್ ಸ್ಪ್ರಿಂಗ್ ಇಲ್ಲ. ಶಾಫ್ಟ್ ಮೂರು ಸುತ್ತು ತಿರುಗಿದಾಗ ರೋಟರ್ ತಿರುಗುವುದು ಒಂದೇ ಸುತ್ತು. ಮೀಟರಿನಲ್ಲಿ 9000 ತೋರಿಸುವಾಗ ರೋಟರ್ 3000ದಲ್ಲಿದೆ. ಆದ್ದರಿಂದಲೇ 6000ದಿಂದ ಮೇಲಕ್ಕೆ ನಡುಕವಿಲ್ಲದೆ, ಒಂದೇ ಎಳೆಯಲ್ಲಿ ಏರುತ್ತದೆ. ಇಂಧನದ ಕಥೆಯೂ ಹೀಗೇ: ದಹನದ ಕೋಣೆ ಉದ್ದಕ್ಕೆ ತೆಳುವಾಗಿ ಹರಡಿರುವುದರಿಂದ ಗೋಡೆಗಳಿಗೆ ಹೋಗುವ ಶಾಖ ಹೆಚ್ಚು, ಅಂಚಿನಲ್ಲಿ ಸುಡದೆ ಉಳಿಯುವ ಪೆಟ್ರೋಲೂ ಹೆಚ್ಚು. ಆದರೆ ಅದೇ ವಿನ್ಯಾಸದಿಂದ ಎಂಜಿನ್ ಪುಟ್ಟದಾಗಿದೆ. ಅದನ್ನು ಮುಂದಿನ ಆಕ್ಸಲ್‌ನ ಹಿಂದಕ್ಕೆ, ಕೆಳಗೆ ಕೂರಿಸಲು ಸಾಧ್ಯವಾಗಿದ್ದು ಅದರಿಂದ. ಮುಂದೆ ಹಿಂದೆ 50:50 ತೂಕ, ನಾಲ್ಕು ಜನಕ್ಕೆ ನಿಜವಾದ ಸೀಟು, ಕಾರ್ಬನ್ ಫೈಬರಿನ ಪ್ರೊಪೆಲ್ಲರ್ ಶಾಫ್ಟ್, ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕೊಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ತಿರುವಿಗೆ ಸ್ಟಿಯರಿಂಗ್ ಕೊಟ್ಟ ಕ್ಷಣ ಮೂಗು ತಡಮಾಡದೆ ಒಳಕ್ಕೆ ತಿರುಗುವುದು ಈ ತೂಕದ ಹಂಚಿಕೆಯಿಂದಲೇ.

ಆರೋಗ್ಯ ಕೆಟ್ಟ ಆರ್‌ಎಕ್ಸ್-8ನಲ್ಲಿ ಇದ್ಯಾವುದೂ ಕಾಣುವುದಿಲ್ಲ, ಹೋಲಿಕೆಯ ಪಟ್ಟಿ ಮಾತ್ರ ಕಾಣುತ್ತದೆ. ಈ ಲಾಗ್ ಅದನ್ನು ಸರಿಪಡಿಸುವ ಕ್ರಮ.

ಕಂಪ್ರೆಷನ್ ಮೊದಲು, ಖರ್ಚು ಆಮೇಲೆ

ಕಂಪ್ರೆಷನ್ ಅಂದರೆ ಕೋಣೆಯಲ್ಲಿ ಒತ್ತಿದ ಗಾಳಿಯ ಒತ್ತಡ; ಎಂಜಿನ್ನಿನ ಆರೋಗ್ಯ ಹೇಳುವುದು ಅದೇ. ಎಂಜಿನ್ನೇ ಹೋಗಿದ್ದರೆ ಕಾಯಿಲ್, ಪ್ಲಗ್‌ಗೆ ಹಾಕುವ ದುಡ್ಡು ದಂಡ. ಮಾಮೂಲಿ ಕಂಪ್ರೆಷನ್ ಗೇಜ್ ಇಲ್ಲಿ ಮೋಸ ಮಾಡುತ್ತದೆ: ರೋಟರಿಗೆ ಮೂರು ಮುಖ, ಗೇಜ್ ಮೂರರಲ್ಲಿ ಹೆಚ್ಚಿನದನ್ನು ಮಾತ್ರ ಹಿಡಿದಿಟ್ಟು ತೋರಿಸುತ್ತದೆ. ಒಂದು ಮುಖ ಸತ್ತಿದ್ದರೂ ಗೊತ್ತಾಗುವುದಿಲ್ಲ. ರೋಟರಿ ಟೆಸ್ಟರ್ ಸಿಗದಿದ್ದರೆ ಗೇಜಿನ ಹೋಸ್‌ನಲ್ಲಿರುವ ಶ್ರೇಡರ್ ವಾಲ್ವ್ (ಒತ್ತಡ ಹಿಂದಕ್ಕೆ ಹೋಗದಂತೆ ತಡೆಯುವ ಪುಟ್ಟ ವಾಲ್ವ್) ತೆಗೆದು ಕ್ರ್ಯಾಂಕ್ ಮಾಡಿ, ಅಂದರೆ ಸ್ಟಾರ್ಟರ್‌ನಿಂದ ತಿರುಗಿಸಿ. ಮುಳ್ಳು ಮೂರು ಸಲ ಹಾರಿ ಬೀಳುತ್ತದೆ. ಮೂರೂ ಒಂದೇ ಎತ್ತರಕ್ಕೆ ಹಾರಿದರೆ ಸಮಾಧಾನ. ಎರಡು ಎತ್ತರ, ಒಂದು ಗಿಡ್ಡ ಬಂದರೆ ಆ ಮುಖದ ಸೀಲ್ (ಒತ್ತಡ ಸೋರದಂತೆ ತಡೆಯುವ ಪಟ್ಟಿ) ಹೋಗಿದೆ ಅಥವಾ ಕಾರ್ಬನ್‌ನಲ್ಲಿ ಸಿಕ್ಕಿಕೊಂಡಿದೆ. ಹೀಗೆ ಸಮತೆ ತಿಳಿಯುತ್ತದೆ, ಅಂಕಿ ನಂಬಬೇಡಿ. ಅಂಕಿಗೆ ಟೆಸ್ಟರೇ ಬೇಕು.

ಎಂಜಿನ್ ಪೂರ್ತಿ ಬಿಸಿ ಇರಬೇಕು, ಬ್ಯಾಟರಿ ತುಂಬಿರಬೇಕು, ಆಕ್ಸಿಲರೇಟರ್ ನೆಲಕ್ಕೆ ಒತ್ತಿರಬೇಕು. ಬಂದ ಅಂಕಿಯನ್ನು 250 ಆರ್‌ಪಿಎಂ ಕ್ರ್ಯಾಂಕಿಂಗ್ ವೇಗಕ್ಕೆ ಸರಿದೂಗಿಸಿ ಓದಬೇಕು. ಮಾಜ್ದಾ ಕೊಟ್ಟ ಕನಿಷ್ಠ ಮಿತಿ 680 ಕಿಲೋಪ್ಯಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ 6.9 ಕೆಜಿ. ಒಂದೇ ರೋಟರಿನ ಮುಖಗಳ ನಡುವೆ 150, ಎರಡು ರೋಟರುಗಳ ನಡುವೆ 100 ಕಿಲೋಪ್ಯಾಸ್ಕಲ್‌ಗಿಂತ ಹೆಚ್ಚು ಅಂತರ ಇರಬಾರದು. ಸ್ಟಾರ್ಟರ್ ನಿಧಾನವಾಗಿದ್ದರೆ ಒಳ್ಳೆಯ ಎಂಜಿನ್ನೂ ಕೆಟ್ಟದಾಗಿ ಕಾಣುತ್ತದೆ, ಆದ್ದರಿಂದ ಸರಿದೂಗಿಸದ ಅಂಕಿ ನೋಡಿ ಕಾರು ತಗೊಳ್ಳಬೇಡಿ, ಬಿಡಲೂ ಬೇಡಿ.

ಇಲ್ಲಿ ಬಂದ ಫಲಿತಾಂಶ: ಮುಂದಿನ ರೋಟರಿನ ಮೂರೂ ಮುಖ ಮಿತಿಯ ಮೇಲೆ ಚೆನ್ನಾಗಿವೆ. ಹಿಂದಿನದು ಮಿತಿಯ ತುಸು ಮೇಲೆ, ಅಂತರ ಒಳಗೇ ಇದೆ. ಎಂಜಿನ್ ಬಿಚ್ಚುವ ಅಗತ್ಯ ಇಲ್ಲ.

ಇಗ್ನಿಷನ್

ಈ ಕಾರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಭಾಗ ಇದು. ಕಿಡಿಗೆ ವಿದ್ಯುತ್ ಕೊಡುವ ನಾಲ್ಕು ಕಾಯಿಲ್, ಕಿಡಿ ಹಾರಿಸುವ ನಾಲ್ಕು ಪ್ಲಗ್. ಪ್ರತಿ ರೋಟರಿಗೆ ಕೆಳಗೊಂದು ಲೀಡಿಂಗ್ (ಮುಂದಾಳು), ಮೇಲೊಂದು ಟ್ರೈಲಿಂಗ್ (ಹಿಂಬಾಲಕ). ಕಾಯಿಲ್‌ಗಳು ಎಂಜಿನ್ನಿನ ಬಿಸಿಯಲ್ಲೇ ಕೂತಿರುತ್ತವೆ. ನಿಧಾನಕ್ಕೆ ಸೊರಗುತ್ತವೆ, ಒಮ್ಮೆಲೇ ಸಾಯುವುದು ಕಡಿಮೆ. ಅಪಾಯ ಇರುವುದೇ ಅಲ್ಲಿ. ಕಿಡಿ ದುರ್ಬಲವಾದರೆ ಪೆಟ್ರೋಲ್ ಸುಡದೆ ಹೊರಗೆ ಹೋಗುತ್ತದೆ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಒಳಗೆ ಸುಡುತ್ತದೆ, ಕ್ಯಾಟ್ ಕರಗಿ ಮುಚ್ಚಿಕೊಳ್ಳುತ್ತದೆ, ಬಿಸಿ ಎಕ್ಸಾಸ್ಟ್ ಹಿಂದಕ್ಕೆ ಒತ್ತುತ್ತದೆ, ರೋಟರಿನ ಪಕ್ಕದ ಸೈಡ್ ಸೀಲುಗಳು ಹಾಳಾಗುತ್ತವೆ. ಕಾಯಿಲ್ ಕಥೆ ಎಂಜಿನ್ ಕಥೆಯಾಗಿ ಮುಗಿಯುತ್ತದೆ. ಚೆಕ್ ಎಂಜಿನ್ ದೀಪ ಕಾಯುತ್ತ ಕೂರಬೇಡಿ. ಸುಮಾರು 50,000 ಕಿಲೋಮೀಟರಿಗೆ ನಾಲ್ಕೂ ಕಾಯಿಲ್, ವೈರ್ ಸೆಟ್, ನಾಲ್ಕೂ ಪ್ಲಗ್ ಒಟ್ಟಿಗೇ ಬದಲಿಸುವುದು ಲೇಸು. ದೀಪ ಬಂದೇಬಿಟ್ಟಿದ್ದರೆ ಕಾರಿನ ಕಂಪ್ಯೂಟರ್ ಕೊಡುವ ದೋಷ ಸಂಕೇತ ಓದಿ: ಪಿ0301 ಮುಂದಿನ ರೋಟರ್, ಪಿ0302 ಹಿಂದಿನದು.

ಪ್ಲಗ್: ಲೀಡಿಂಗ್‌ಗೆ ಎನ್‌ಜಿಕೆ ಆರ್‌ಇ7ಸಿ-ಎಲ್, ಟ್ರೈಲಿಂಗ್‌ಗೆ ಆರ್‌ಇ9ಬಿ-ಟಿ. ಅದಲುಬದಲು ಆಗಬಾರದು. ಎಡಬದಿಯ ಮುಂದಿನ ಚಕ್ರ ತೆಗೆದರೆ ಕೈಗೆ ಸಿಗುತ್ತವೆ. ಉದ್ದ ಎಕ್ಸ್‌ಟೆನ್ಷನ್ ಬೇಕು. ಎಂಜಿನ್ ತಣ್ಣಗಿರಲಿ, ಹೌಸಿಂಗ್ ಅಲ್ಯೂಮಿನಿಯಂ. ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಆಮೇಲೆ 13ರಿಂದ 17 ನ್ಯೂಟನ್ ಮೀಟರ್, ಸಾಕು. ವೈರುಗಳನ್ನು ಒಂದೊಂದಾಗಿ ತೆಗೆದು ಒಂದೊಂದಾಗಿ ಹಾಕಿ. ಎಲ್1, ಎಲ್2, ಟಿ1, ಟಿ2 ಎಂದು ಟೇಪ್ ಅಂಟಿಸಿ ಗುರುತು ಮಾಡಿಕೊಂಡರೆ ತಲೆನೋವಿಲ್ಲ.

ಹಳೇ ಪ್ಲಗ್‌ಗಳಲ್ಲಿ ಹಿಂದಿನ ರೋಟರಿನ ಲೀಡಿಂಗ್ ಪ್ಲಗ್ ಮಾತ್ರ ಕಪ್ಪು ಹಸಿ ಮಸಿಯಲ್ಲಿ ಮುಳುಗಿತ್ತು, ಉಳಿದ ಮೂರು ಒಣ ಕಂದು. ಆ ಕಾಯಿಲ್ಲೇ ಸೋತಿದ್ದು. ಬದಲಾಯಿಸಿದ ಮೇಲೆ ಐಡ್ಲಿಂಗ್ ಸಮವಾಯಿತು.

ಕ್ಯಾಟ್ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ಮುಂದಿನ ಆಕ್ಸಿಜನ್ ಸೆನ್ಸರ್ ತೆಗೆದು ಅದೇ ರಂಧ್ರಕ್ಕೆ ಪ್ರೆಶರ್ ಗೇಜ್ ಹಾಕಿ. ಐಡ್ಲಿಂಗ್‌ನಲ್ಲಿ 10 ಕಿಲೋಪ್ಯಾಸ್ಕಲ್‌ನ ಒಳಗೆ, 2500 ಆರ್‌ಪಿಎಂನಲ್ಲಿ 20ರ ಒಳಗೆ ಇದ್ದರೆ ದಾರಿ ತೆರೆದಿದೆ. ಇಲ್ಲಿ ತೆರೆದೇ ಇತ್ತು.

4000 ಮೇಲೆ ಉಸಿರು ಕಟ್ಟುವುದು

ಹೋಲಿಕೆ ಮಾಡುವವರು ಓಡಿಸಿದ ಎಷ್ಟೋ ಹಳೇ ಕಾರುಗಳಲ್ಲಿ ಈ ರೋಗ ಇದ್ದಿರಬಹುದು ಎಂಬುದು ನಮ್ಮ ಅನಿಸಿಕೆ. ಗಾಳಿಯ ದಾರಿ ಮೂರು ವಾಲ್ವ್‌ಗಳ ಮೂಲಕ ಹಂತಹಂತವಾಗಿ ತೆರೆಯುತ್ತದೆ: ಸುಮಾರು 3750ಕ್ಕೆ ಎಸ್‌ಎಸ್‌ವಿ, 6250ರ ಹೊತ್ತಿಗೆ ಎಪಿವಿ, 7250ರ ಹೊತ್ತಿಗೆ ವಿಡಿಐ. ಎಸ್‌ಎಸ್‌ವಿ ಸಿಕ್ಕಿಕೊಂಡರೆ ನಾಲ್ಕು ಸಾವಿರದ ಮೇಲೆ ಕಾರು ಸತ್ತಂತೆ. ಎಪಿವಿ ಸಿಕ್ಕಿಕೊಂಡರೆ ಆರೂವರೆ ಸಾವಿರದವರೆಗೆ ಚೆನ್ನಾಗಿ ಹೋಗಿ ಅಲ್ಲಿ ಚಪ್ಪಟೆ. ಎಲ್ಲಿ ಸೋಲುತ್ತದೆ ಎನ್ನುವುದೇ ಯಾವ ವಾಲ್ವ್ ಎಂದು ಹೇಳುತ್ತದೆ.

ಪರೀಕ್ಷೆ: ಒಬ್ಬರು ರೆವ್ ಕೊಡಲಿ, ಇನ್ನೊಬ್ಬರು ಎಸ್‌ಎಸ್‌ವಿ ಆಕ್ಚುಯೇಟರಿನ (ವಾಲ್ವ್ ಆಡಿಸುವ ಭಾಗದ) ಕಡ್ಡಿ ನೋಡಲಿ. 3750 ದಾಟಿದಾಗ ಕಡ್ಡಿ ಪೂರ್ತಿ ಸರಿಯಬೇಕು. ಸರಿಯದಿದ್ದರೆ ಮೊದಲು ವ್ಯಾಕ್ಯೂಮ್ ಹೋಸ್ ಒಡೆದಿದೆಯೇ ನೋಡಿ, ಆಮೇಲೆ ಸಾಲೆನಾಯ್ಡ್ (ವಿದ್ಯುತ್ ಸ್ವಿಚ್ಚಿನ ವಾಲ್ವ್), ಕೊನೆಗೆ ಎಸ್‌ಎಸ್‌ವಿ ವಾಲ್ವ್. ಇಲ್ಲಿ ಹೋಸ್ ಚೆನ್ನಾಗಿತ್ತು, ಸಾಲೆನಾಯ್ಡ್ ಟಕ್ ಎನ್ನುತ್ತಿತ್ತು, ಕಡ್ಡಿ ಕೈಯಲ್ಲಿ ಎಳೆದರೂ ಜಗ್ಗಲಿಲ್ಲ. ಕಾರ್ಬನ್. ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಕ್ಲೀನರ್ ಹಾಕಿ ನೆನೆಸಿಟ್ಟು, ಮಸಿ ಒರೆಸಿ, ವಾಲ್ವ್ ಬೆರಳಿಗೆ ಸಲೀಸಾಗಿ ತಿರುಗುವ ತನಕ ಆಡಿಸಬೇಕು. ಲೋಹದ ಚೂಪು ಸಾಧನ ಬೇಡ, ಗೀರು ಬಿದ್ದಲ್ಲಿ ಕಾರ್ಬನ್ ಇನ್ನೂ ಬೇಗ ಕೂರುತ್ತದೆ. ಮ್ಯಾನಿಫೋಲ್ಡ್ ಕೆಳಗಿಳಿಸಿದಾಗಲೇ ಎಪಿವಿ ಸ್ಲೀವ್‌ಗಳನ್ನೂ (ತಿರುಗುವ ಕೊಳವೆಗಳು) ತೊಳೆದು ಗ್ಯಾಸ್ಕೆಟ್ ಹೊಸದು ಹಾಕಿ. ಎರಡೆರಡು ಸಲ ಬಿಚ್ಚುವುದು ಯಾಕೆ.

ಮತ್ತೆ ಜೋಡಿಸಿ ಬ್ಯಾಟರಿ ಹಾಕಿದ ಮೇಲೆ ಇಗ್ನಿಷನ್ ಆನ್ ಇಟ್ಟು, ಎಂಜಿನ್ ಸ್ಟಾರ್ಟ್ ಮಾಡದೆ, ಎಂಟು ಸೆಕೆಂಡಿನೊಳಗೆ ಬ್ರೇಕ್ ಪೆಡಲ್ 20 ಸಲ ಒತ್ತಬೇಕು. ಆಯಿಲ್ ಪ್ರೆಶರ್ ಮುಳ್ಳು ಒಮ್ಮೆ ಅಲುಗಿದರೆ ಎಂಜಿನ್ ಕಂಪ್ಯೂಟರಿನ ಮೆಮೊರಿ ರಿಸೆಟ್ ಆಯಿತು ಎಂದರ್ಥ.

ಈ ಹಂತ ಮುಗಿದ ಮೇಲೆ ಕಾರು ಬದಲಾಯಿತು. ನಾಲ್ಕು ಸಾವಿರದ ಆಸುಪಾಸು ಒಂದು ಸಣ್ಣ ತಳ್ಳು, ಆರು ಸಾವಿರ ದಾಟುವಾಗ ಇಂಟೇಕಿನ ದನಿ ಬಿಗಿಯಾಗಿ ಮೇಲಕ್ಕೇರುವುದು, ಕೆಂಪು ಗೆರೆಗೆ ತುಸು ಮುಂಚೆ ಬರುವ ಬೀಪ್. ಎಂಜಿನ್ ಅಷ್ಟು ನಯವಾಗಿ ಏರುವುದರಿಂದ ಆ ಬೀಪ್ ಇಲ್ಲದಿದ್ದರೆ ಗೇರ್ ಬದಲಿಸುವುದೇ ಮರೆಯುತ್ತದೆ. 0-100ರ ಸೆಕೆಂಡುಗಳನ್ನು ಬರೆಯುವ ಪಟ್ಟಿಯಲ್ಲಿ ಈ ಕೊನೆಯ 3000 ಆರ್‌ಪಿಎಂಗೆ ಕಾಲಂ ಇಲ್ಲ.

ಎಣ್ಣೆ

ಎಣ್ಣೆ ಕುಡಿಯುವುದು ದೋಷವಲ್ಲ, ವಿನ್ಯಾಸ. ರೋಟರಿನ ಮೂಲೆಗಳಲ್ಲಿರುವ ಏಪೆಕ್ಸ್ ಸೀಲಿಗೆ ನಯ ಕೊಡಲು ಮೀಟರಿಂಗ್ ಪಂಪ್ ಸಂಪಿನಿಂದಲೇ (ಎಂಜಿನ್ ತಳದ ಎಣ್ಣೆ ತೊಟ್ಟಿ) ಎಣ್ಣೆ ತೆಗೆದು ಕೋಣೆಗೆ ಚುಚ್ಚುತ್ತದೆ. ಎರಡು ಟ್ಯಾಂಕ್ ಪೆಟ್ರೋಲಿಗೊಮ್ಮೆ ಡಿಪ್‌ಸ್ಟಿಕ್ ನೋಡಲೇಬೇಕು. ಎಣ್ಣೆ ಕಡಿಮೆಯೇ ಆಗದ ಆರ್‌ಎಕ್ಸ್-8 ಕಂಡರೆ ಖುಷಿಪಡಬೇಡಿ, ಪಂಪ್ ಅಥವಾ ಅದರ ಲೈನ್ ಪರೀಕ್ಷಿಸಿ. ಮೊದಲ ಸರಣಿಯಲ್ಲಿ ಪ್ರತಿ ರೋಟರಿಗೆ ಎರಡು ಆಯಿಲ್ ಇಂಜೆಕ್ಟರ್. ಎರಡನೇ ಸರಣಿಯಲ್ಲಿ ಮೂರಾಯಿತು.

ಎಣ್ಣೆ ಬದಲಾವಣೆ 5000 ಕಿಲೋಮೀಟರಿಗೆ, 5ಡಬ್ಲ್ಯು-30, ಫಿಲ್ಟರ್ ಸಮೇತ ಸುಮಾರು ಮೂರೂವರೆ ಲೀಟರ್ ಹಿಡಿಯುತ್ತದೆ. ಉಳಿದದ್ದು ಕೂಲರ್‌ಗಳಲ್ಲೇ ಉಳಿಯುತ್ತದೆ, ಹಾಗಾಗಿ ಒಮ್ಮೆಲೇ ಹೆಚ್ಚು ಸುರಿಯಬೇಡಿ. ಫಿಲ್ಟರ್ ಎಂಜಿನ್ ಮೇಲೆಯೇ ಇದೆ. ಬಿಚ್ಚುವ ಮುಂಚೆ ಸುತ್ತ ಬಟ್ಟೆ ಹಾಸಿ. ಫಿಲ್ಲರ್ ಕೊಳವೆಯಲ್ಲಿ ಬಿಳಿ ಕೆನೆಯಂಥದ್ದು ಕಂಡರೆ ಗಾಬರಿ ಬೇಡ. ಅದು ತಣ್ಣನೆಯ ಉದ್ದ ಕೊಳವೆ, ಅಲ್ಲಿ ತೇವ ಕೂರುವುದು ಸಹಜ. ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಬಿಳಿ ಹೊಗೆ ಬರುತ್ತಿದ್ದರೆ ಮಾತ್ರ ಒಳಗಿನ ಸೀಲ್ ಅನುಮಾನಿಸಿ.

ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಬೇಕೇ? ಕಡ್ಡಾಯವಲ್ಲ. ಬೆರೆಸುವವರು ಲೀಟರಿಗೆ 4ರಿಂದ 8 ಮಿಲಿಲೀಟರ್ ಹಾಕುತ್ತಾರೆ, ಬೂದಿ ಕಡಿಮೆ ಇರುವ ಜಾಸೊ ಎಫ್‌ಡಿ (ಜಪಾನಿನ ಎಣ್ಣೆ ಮಾನದಂಡ) ದರ್ಜೆಯದು. ಈ ಕಾರಿಗೆ 5 ಮಿಲಿಲೀಟರ್. ಸಂಪಿನ ಎಣ್ಣೆಗಿಂತ ಶುದ್ಧವಾಗಿ ಸುಡುತ್ತದೆ ಎಂಬುದೊಂದೇ ಕಾರಣ ಸಾಕು.

ಫ್ಲಡ್ಡಿಂಗ್ ಮತ್ತು ಬಿಸಿ

ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ಕಾರು ನಾಲ್ಕು ಮೀಟರ್ ಸರಿಸಿ, ಆಫ್ ಮಾಡುವುದು ಈ ಕಾರಿಗೆ ಮಾಡಬಹುದಾದ ಅನ್ಯಾಯ. ಹೆಚ್ಚುವರಿ ಪೆಟ್ರೋಲ್ ಸೀಲ್ ಮೇಲಿನ ಎಣ್ಣೆ ತೊಳೆದುಹಾಕುತ್ತದೆ, ಕಂಪ್ರೆಷನ್ ಬೀಳುತ್ತದೆ, ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಇದೇ ಫ್ಲಡ್ಡಿಂಗ್. ಹೀಗಾದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹತ್ತು ಸೆಕೆಂಡು ಕ್ರ್ಯಾಂಕ್ ಮಾಡಿ. ಆಗ ಇಂಜೆಕ್ಷನ್ ನಿಲ್ಲುತ್ತದೆ. ಸ್ಟಾರ್ಟರಿಗೆ ಒಂದು ನಿಮಿಷ ಬಿಡುವು, ಮತ್ತೊಮ್ಮೆ. ಆಗಲಿಲ್ಲವೆಂದರೆ ಫ್ಯುಯೆಲ್ ಪಂಪ್ ಫ್ಯೂಸ್ ತೆಗೆದು, ಪ್ಲಗ್ ಬಿಚ್ಚಿ ಒಣಗಿಸಿ, ರಂಧ್ರದಿಂದ ಕೆಲವು ಮಿಲಿಲೀಟರ್ ಎಣ್ಣೆ ಬಿಟ್ಟು ತಿರುಗಿಸಿ ಜೋಡಿಸಬೇಕು. ಸ್ಟಾರ್ಟ್ ಆದಾಗ ದಟ್ಟ ಹೊಗೆ ಬರುತ್ತದೆ, ಬರಲಿ.

ಡ್ಯಾಶಿನ ಟೆಂಪರೇಚರ್ ಮುಳ್ಳನ್ನು ನಂಬಬೇಡಿ, ಬಹಳ ವಿಶಾಲ ವ್ಯಾಪ್ತಿಯಲ್ಲಿ ನಡುವೆಯೇ ನಿಂತಿರುತ್ತದೆ. ಒಬಿಡಿ ರೀಡರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಹಾಕಿ. 105 ಡಿಗ್ರಿ ದಾಟಿದರೆ ಕಾಲು ತೆಗೆಯಿರಿ, 110 ದಾಟಿದರೆ ನಿಲ್ಲಿಸಿ. ಕೂಲೆಂಟ್ ಬಾಟಲಿಯ ಜೋಡಣೆ ಹಳದಿಯಾಗಿ ಬಿರುಕು ಬಿಡುತ್ತದೆ. ಇಲ್ಲಿ ಬಾಟಲಿ, ಮುಚ್ಚಳ ಎರಡನ್ನೂ ಬದಲಾಯಿಸಿದ್ದಾಗಿದೆ.

ಬಾಕಿ

ಕಿರ್‌ಗುಟ್ಟುವುದು ಮುಂದಿನ ಮೇಲಿನ ತೋಳಿನ ಬಾಲ್ ಜಾಯಿಂಟ್. ಎರಡೂ ಕಡೆ ತೋಳು ಸಮೇತ ಬರಬೇಕು. ಕ್ಲಚ್ ಪೆಡಲ್ ಬ್ರಾಕೆಟ್‌ನ ವೆಲ್ಡಿಂಗ್ ಟಾರ್ಚ್ ಹಾಕಿ ನೋಡಿದ್ದಾಯಿತು, ಬಿರುಕಿಲ್ಲ. ಮೊದಲ ಸರಣಿಯವರು ಇದನ್ನು ತಪ್ಪದೆ ನೋಡಿ, ಮುರಿದರೆ ನಡುರಸ್ತೆಯಲ್ಲೇ. ತೋಳು ಬಂದ ಮೇಲೆ ಅಲೈನ್‌ಮೆಂಟ್: ಮುಂದೆ ಕ್ಯಾಂಬರ್ (ಚಕ್ರದ ಪಕ್ಕದ ವಾಲು) ಮೈನಸ್ 1.2 ಡಿಗ್ರಿ, ಹಿಂದೆ ಮೈನಸ್ 1.5, ಮುಂದಿನ ಟೋ (ಚಕ್ರ ಒಳಕ್ಕೋ ಹೊರಕ್ಕೋ ನೋಡುವ ಕೋನ) ಶೂನ್ಯ, ಹಿಂದೆ ಸ್ವಲ್ಪ ಒಳಮುಖ. ಟೈರ್ 225/45ಆರ್18, ನಾಲ್ಕಕ್ಕೂ 32 ಪಿಎಸ್‌ಐ.

ಅಲ್ಲಿಯವರೆಗೆ ಪ್ರತಿ ಓಟದಲ್ಲೂ, ಎಣ್ಣೆ ಪೂರ್ತಿ ಬಿಸಿಯಾದ ಮೇಲೆ, ಒಮ್ಮೆಯಾದರೂ ಕೆಂಪು ಗೆರೆ ಮುಟ್ಟಿಸುವುದು. ಸೀಲುಗಳ ಸುತ್ತ ಕೂತ ಕಾರ್ಬನ್ ಸಡಿಲವಾಗಬೇಕಾದ್ದು ಹಾಗೆಯೇ. 2000 ಕಿಲೋಮೀಟರ್ ಆದ ಮೇಲೆ ಹಿಂದಿನ ರೋಟರಿನ ಕಂಪ್ರೆಷನ್ ಮತ್ತೆ ಅಳೆದು, ಏರಿದೆಯೋ ಇಳಿದಿದೆಯೋ ಮುಂದಿನ ಲಾಗ್‌ನಲ್ಲಿ.