ಲಾಂಚ್ ಎಬ್ಬಿಸಿದ ಅಲೆ

ಭಾನುವಾರ, 16 ಫೆಬ್ರವರಿ 2025, ಸಾಗರ

ಮಂಜು ಬೆಳ್ಳಗಿರುತ್ತದೆ ಅನ್ನೋದು ಕ್ಯಾಮೆರಾಗೆ ಗೊತ್ತಿಲ್ಲ. ಎದುರಿಗೆ ಏನೇ ಇರಲಿ, ಎಲ್ಲವನ್ನೂ ಒಂದು ಹದದ ಬೂದು ಬಣ್ಣಕ್ಕೆ ತಂದು ನಿಲ್ಲಿಸೋದಷ್ಟೇ ಅದರ ಕೆಲಸ. ಇವತ್ತು ಬೆಳಗ್ಗೆ ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿಗೆ ಹೋದಾಗ ಆಚೆ ದಡ ಪೂರ್ತಿ ಮುಚ್ಚಿಹೋಗಿತ್ತು. ಕಟ್ಟುತ್ತಿರುವ ಸೇತುವೆಯ ಕಂಬಗಳೂ ಅರ್ಧಂಬರ್ಧ. ಆಟೋದಲ್ಲಿಟ್ಟು ಹೊಡೆದರೆ ಮುಸ್ಸಂಜೆ ಅನ್ನಿಸುವಷ್ಟು ಕಪ್ಪಾಗಿ ಬಂತು. ಮ್ಯಾನ್ಯುವಲ್‌ಗೆ ಹಾಕಿ, ಬೆಳಕು ಅಳೆಯುವ ಮೀಟರ್ ಸೊನ್ನೆಯಿಂದ ಪ್ಲಸ್ ಕಡೆಗೆ ಒಂದು ಸ್ಟಾಪ್ (ಅಂದರೆ ಬೆಳಕು ಎರಡು ಪಟ್ಟು) ಸರಿಯುವ ತನಕ ಶಟರ್ ನಿಧಾನ ಮಾಡಿದೆ. ಆಗ ಬಂತು ನೋಡಿ ಮಂಜಿನ ಬಿಳಿ. ಕಡಲ ನೊರೆಗೂ ಇದೇ ಲೆಕ್ಕ ಅಂದರು ಭಾವ. ಚೌಕಟ್ಟಿನ ತುಂಬ ನೊರೆಯಿದ್ದರೆ ಮೀಟರ್ ಹೇಳಿದ್ದಕ್ಕಿಂತ ಜಾಸ್ತಿ ಬೆಳಕು ಕೊಡಬೇಕು. ಆದರೆ ಕಪ್ಪಿನಿಂದ ಬಿಳಿಯ ತನಕ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂನ ಗುಡ್ಡೆ ಬಲಗಡೆ ಗೋಡೆಗೆ ತಾಗಬಾರದು. ತಾಗಿದರೆ ಆ ಬಿಳಿಯೊಳಗಿನ ವಿವರ ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಲ್ಲೂ ವಾಪಸ್ ಸಿಗೋದು ಕಷ್ಟ.

ನನಗೆ ಕಲಿಯಬೇಕಾಗಿರೋದು ಕಡಲಿನ ಫೋಟೋ. ಜೋಗ ದಾಟಿ ಗೇರುಸೊಪ್ಪ ಘಾಟಿ ಇಳಿದರೆ ಹೊನ್ನಾವರ, ದೂರದ ಮಾತೇನಲ್ಲ. ಆದರೂ ಭಾವ ಬಿಡಲಿಲ್ಲ. ರೀಲಿನ ಕಾಲದಿಂದ ಮದುವೆ ಫೋಟೋ ತೆಗೆದವರು ಅವರು. ಒಂದು ರೀಲಿಗೆ 36 ಫೋಟೋ, ಹೊಡೆದಿದ್ದು ನೋಡೋಕೆ ಹಿಂದೆ ಸ್ಕ್ರೀನೂ ಇಲ್ಲ. "ಅಲ್ಲ ಮಾರಾಯ, ಕಡಲು ನಿನಗೋಸ್ಕರ ಕಾಯತ್ತಾ? ಮೊದಲು ಹಿನ್ನೀರಲ್ಲಿ ಕೈ ಪಳಗಿಸು" ಅಂತ ಒಂದೇ ಮಾತು.

ಅವರು ಹೇಳಿದ್ದರಲ್ಲಿ ಅರ್ಥ ಇದೆ. ಕಡಲಲ್ಲಿ ಎಲ್ಲವೂ ಒಟ್ಟಿಗೇ ಬದಲಾಗುತ್ತದೆ. ಅಲೆ, ಉಬ್ಬರ-ಇಳಿತ, ಸೂರ್ಯ ಮುಳುಗುವ ಹೊತ್ತಿನ ಬೆಳಕು. ಹಿನ್ನೀರಲ್ಲಿ ಹಾಗಲ್ಲ. ಲಿಂಗನಮಕ್ಕಿ ಅಣೆಕಟ್ಟು ತುಂಬಿದರೆ ನೀರು ಸಮುದ್ರಮಟ್ಟದಿಂದ 1819 ಅಡಿ. ಮಳೆ ನಿಂತ ಮೇಲೆ ನೀರು ಇಳಿಯುತ್ತಾ ಹೋಗುತ್ತದೆ, ಆದರೆ ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ಫೆಬ್ರವರಿಯಲ್ಲಿ ದಡದ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿವೆ. ಬೊಡ್ಡೆ ಎಲ್ಲಿಗೂ ಓಡಿಹೋಗಲ್ಲ, ಬೇಕಾದಷ್ಟು ಹೊತ್ತು ಎದುರಿಗೆ ಕೂತು ಫೋಕಸ್ ಕಲಿಯಬಹುದು.

ಫೋಕಸ್ ವಿಷಯ ಬರೆದಿಡುತ್ತೇನೆ, ಮರೆತುಹೋಗುತ್ತದೆ. ನನ್ನದು ಕ್ರಾಪ್ ಸೆನ್ಸರ್ (ಸಣ್ಣ ಅಳತೆಯ ಸೆನ್ಸರ್) ಕ್ಯಾಮೆರಾ, ಜೊತೆಗೆ ಬಂದ 18-55 ಎಂಎಂ ಲೆನ್ಸ್. 18ರಲ್ಲಿ, ಅಪರ್ಚರ್ (ಬೆಳಕು ತೂರುವ ಕಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಸಣ್ಣದು) ಎಫ್ 8 ಇಟ್ಟು, ಸುಮಾರು 2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಒಂದು ಮೀಟರ್‌ನ ಆಚೆ ಇರುವುದೆಲ್ಲ ಸ್ಪಷ್ಟ. ಹತ್ತಿರದ ಬೊಡ್ಡೆಯ ಸೀಳೂ ಸಿಗುತ್ತದೆ, ದೂರದ ಗುಡ್ಡವೂ ಸಿಗುತ್ತದೆ. ದೂರದ ಗುಡ್ಡಕ್ಕೇ ಫೋಕಸ್ ಮಾಡಿದರೆ ಬೊಡ್ಡೆ ಮಸುಕಾಗುತ್ತದೆ. ಅಪರ್ಚರನ್ನು ಎಫ್ 22ರ ತನಕ ಮುಚ್ಚಿದರೆ ಎಲ್ಲಾ ಇನ್ನೂ ಚೂಪಾಗುತ್ತದೆ ಅನ್ನೋದು ಸುಳ್ಳು. ಅಷ್ಟು ಸಣ್ಣ ಕಂಡಿಯಲ್ಲಿ ತೂರುವ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್ 11ಕ್ಕೆ ನಿಲ್ಲಿಸೋದು ವಾಸಿ.

ಹೊಳೆಬಾಗಿಲಲ್ಲಿ ಅಲೆ ಎಲ್ಲಿಂದ ಬರಬೇಕು ಅಂತ ಕೇಳಬಹುದು. ಲಾಂಚಿನಿಂದ! ಸಿಗಂದೂರಿಗೆ ಹೋಗುವ ಬಸ್ಸು, ಕಾರು, ಜನ ಎಲ್ಲವನ್ನೂ ಹೊತ್ತು ಲಾಂಚ್ ಹೊರಟರೆ ಸ್ವಲ್ಪ ಹೊತ್ತಿಗೆ ಅದು ಎಬ್ಬಿಸಿದ ಅಲೆ ದಡಕ್ಕೆ ಬಂದು ಬಡಿಯುತ್ತದೆ. ಮೊಣಕಾಲೂ ಮುಟ್ಟದ ಅಲೆ. ಆದರೆ ಮಣ್ಣಿನ ಮೇಲೆ ಹತ್ತಿ ವಾಪಸ್ ಜಾರೋದು ಕಡಲಿನ ಅಲೆಯಂತೆಯೇ. ಸೇತುವೆ ಮುಗಿದ ಮೇಲೆ ಈ ಅನುಕೂಲ ಇರುತ್ತೋ ಇಲ್ವೋ.

ಮೊದಲ ಲಾಂಚ್ ಹೊರಡುವಷ್ಟರಲ್ಲಿ ಮಂಜು ಹರಿದು ಬಿಸಿಲು ಬಿದ್ದಿತ್ತು. ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 100, ಎಫ್ 11ಕ್ಕೆ ಶಟರ್ 1/60 ಸೆಕೆಂಡ್ ಬಂತು. ಅಷ್ಟು ವೇಗದಲ್ಲಿ ಅಲೆ ಅರ್ಧ ನಿಂತ ಹಾಗೆ, ಅರ್ಧ ಓಡಿದ ಹಾಗೆ, ಯಾವುದಕ್ಕೂ ಆಗದ್ದು. ಭಾವ ಆರು ಸ್ಟಾಪಿನ ಎನ್‌ಡಿ ಫಿಲ್ಟರ್ ಕೊಟ್ಟರು. ಬೆಳಕನ್ನು 64 ಪಾಲಿನಲ್ಲಿ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜು ಅದು. ಫೋನಿನಲ್ಲಿ ಆ್ಯಪ್ ತೆಗೆಯೋಕೆ ಹೋದರೆ ಬೈದರು. ಬೆರಳಲ್ಲಿ ಎಣಿಸಬೇಕಂತೆ. 1/30, 1/15, 1/8, 1/4, 1/2, ಒಂದು ಸೆಕೆಂಡ್. ಆರು ಬೆರಳು ಆಯಿತು. ನನಗೆ ಬೇಕಾಗಿದ್ದು ಅರ್ಧ ಸೆಕೆಂಡ್, ಹಾಗಾಗಿ ಅಪರ್ಚರನ್ನು ಎಫ್ 8ಕ್ಕೆ ತೆರೆದೆ.

ಇಲ್ಲೇ ಕೈಗೆ ಕೆಲಸ. ಡಯಲ್ ಮೂರು ಕ್ಲಿಕ್ ತಿರುಗಿದರೆ ಒಂದು ಸ್ಟಾಪ್. ಅಪರ್ಚರ್ ಮೂರು ಕ್ಲಿಕ್ ಮುಚ್ಚಿದರೆ ಶಟರ್ ಮೂರು ಕ್ಲಿಕ್ ನಿಧಾನ, ಬೆಳಕು ಅಷ್ಟೇ ಇರುತ್ತದೆ. ರಾತ್ರಿ ಜಗಲಿಯಲ್ಲಿ ದೀಪ ಆರಿಸಿಕೊಂಡು ಇದನ್ನೇ ಮಾಡುತ್ತಾ ಕೂತಿರುತ್ತೇನೆ. ಹೆಬ್ಬೆರಳು ಮೂರು, ತೋರುಬೆರಳು ಮೂರು. ಅಮ್ಮನಿಗೆ ಇದು ಹುಚ್ಚು. ಆದರೆ ಸೂರ್ಯ ಮುಳುಗಿದ ಮೇಲೆ ಕೆಲವೇ ನಿಮಿಷಕ್ಕೊಂದು ಸ್ಟಾಪ್ ಬೆಳಕು ಇಳಿಯುವಾಗ ಡಯಲ್ ನೋಡುತ್ತಾ ಕೂತರೆ ಅಲೆ ಹೋಗಿಯೇ ಬಿಡುತ್ತದೆ.

ಅರ್ಧ ಸೆಕೆಂಡಿನ ಗುಟ್ಟು ಶಟರ್ ಒತ್ತುವ ಗಳಿಗೆಯಲ್ಲಿದೆ. ಅಲೆ ಬರುವಾಗ ಒತ್ತಿದರೆ ಬರೀ ಬಿಳಿ ರಾಡಿ. ಹತ್ತಿ ಮುಗಿದು, ಒಂದು ಕ್ಷಣ ಸುಮ್ನೆ ನಿಂತು, ವಾಪಸ್ ಜಾರಲು ಶುರುವಾದಾಗ ಒತ್ತಬೇಕು. ಆಗ ನೊರೆ ಎಳೆ ಎಳೆಯಾಗಿ ಬರುತ್ತದೆ. ಇವತ್ತು ಹಿನ್ನೀರಿನ ಪುಟ್ಟ ಅಲೆಯಲ್ಲೂ ಬೊಡ್ಡೆಯ ಎರಡೂ ಕಡೆ ಆ ಎಳೆ ಸಿಕ್ಕಿತು. ಕೆಂಪು ಮಣ್ಣಿನ ನೀರಾದ್ದರಿಂದ ಎಳೆಗಳೂ ಕೆಂಪಗೇ ಇವೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಡೇಲೈಟ್‌ಗೆ ಕಟ್ಟಿಹಾಕಿದ್ದೆ. ಆಟೋದಲ್ಲಿ ಬಿಟ್ಟರೆ ಆ ಕೆಂಪನ್ನು ಕ್ಯಾಮೆರಾ ತಾನೇ ಸರಿಮಾಡೋಕೆ ಹೊರಡುತ್ತದೆ, ಸಂಜೆ ಆಕಾಶದ ಬಣ್ಣವನ್ನು ತೊಳೆದುಹಾಕುವ ಹಾಗೆ.

ಇನ್ನು ಹಿನ್ನೀರು ಕಲಿಸದ ವಿಷಯಗಳು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅಪ್ಸರಕೊಂಡದ ಕಡಲಿಗೆ ಇಳಿದಿದ್ದೆವು. ಅಲ್ಲಿ ಅಲೆ ಜಾರುವಾಗ ಟ್ರೈಪಾಡಿನ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಕಾಲುಗಳನ್ನು ಮೊದಲೇ ಒತ್ತಿ ಹೂತಿಡಬೇಕು. ಒದ್ದೆ ಬಂಡೆ ಪಳಪಳ ಹೊಳೆದರೆ ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಹೊಳಪು ಹೋಗಿ ಕಲ್ಲಿನ ಬಣ್ಣ ಕಾಣುತ್ತದೆ, ಆದರೆ ಒಂದೂವರೆ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು ಉಬ್ಬರ ಇಳಿತ ಎರಡೂ ಜೋರು. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಆದ್ದರಿಂದ ನಿನ್ನೆಯ ವೇಳೆ ಇವತ್ತಿಗೆ ನಡೆಯಲ್ಲ. ನೀರು ಏರುವ ಹೊತ್ತಿನಲ್ಲಿ ಬಂಡೆಯ ತುದಿಗೆ ಹೋಗಿ ನಿಲ್ಲಬಾರದು, ಫೋಟೋ ಎಷ್ಟೇ ಚೆಂದ ಬರಲಿ. ಲೆನ್ಸ್ ಬದಲಾಯಿಸೋದು ಕಾರಿನೊಳಗೆ. ಮನೆಗೆ ಬಂದ ಕೂಡಲೇ ಟ್ರೈಪಾಡಿಗೆ ಸಿಹಿನೀರಿನ ಸ್ನಾನ.

ನನಗೂ ಭಾವನಿಗೂ ಒಪ್ಪಿಗೆಯಾಗದ್ದು ಒಂದಿದೆ. ಅವರಿಗೆ ಹತ್ತು ಸ್ಟಾಪಿನ ಫಿಲ್ಟರ್ ಹಾಕಿ 30 ಸೆಕೆಂಡ್ ಬಿಡೋದು ಇಷ್ಟ. ಅಪ್ಸರಕೊಂಡದಲ್ಲೂ ಹಾಗೇ ಮಾಡಿದರು. ಕಡಲು ಮಜ್ಜಿಗೆ ಚೆಲ್ಲಿದ ಹಾಗೆ ನುಣ್ಣಗಾಯಿತು. ನೋಡೋಕೆ ಚೆಂದವೇ, ಆದರೆ ಅದು ಅರಬ್ಬೀ ಸಮುದ್ರವೋ ಊರ ಕೆರೆಯೋ ಅಂತ ಹೇಳೋಕಾಗಲ್ಲ. ಅರ್ಧ ಸೆಕೆಂಡಿನಲ್ಲಾದರೆ ನೀರು ಯಾವ ಕಡೆ ಎಳೆಯುತ್ತಿತ್ತು ಅಂತ ಕಾಣುತ್ತದೆ. ನನಗೆ ಅದೇ ಬೇಕು.

ಮಧ್ಯಾಹ್ನ ಅಪ್ಸರಕೊಂಡದ ಎರಡೂ ಫೋಟೋಗಳನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಯಾರದ್ದು ಯಾವುದು ಅಂತ ಹೇಳದೆ. ಸಂಜೆಯೊಳಗೆ ಅತ್ತೆ, ಚಿಕ್ಕಮ್ಮ ಇಬ್ಬರೂ ಭಾವನ ಫೋಟೋವನ್ನು ಡಿಪಿ ಮಾಡಿಕೊಂಡರು. ನನ್ನದಕ್ಕೆ ಬಂದಿದ್ದು ಅಕ್ಕನ ಒಂದೇ ಮೆಸೇಜು: "ಇದು ಶೇಕ್ ಆಗಿದೆ ಅಲ್ವಾ?"