ಆಷಾಢಕ್ಕೆ ಮಾತ್ರ ಸಿಗೋ ಗೋಲ್‌ಕೀಪರ್

ನಮ್ಮ ಫುಟ್‌ಬಾಲ್ ಟೀಮಲ್ಲಿ ಫಾರ್ವರ್ಡ್ ಆಡ್ತೀನಿ ಅನ್ನೋರು ಬೇಕಾದಷ್ಟು ಜನ ಇದಾರೆ, ಗೋಲಲ್ಲಿ ನಿಂತ್ಕೊಳ್ರೋ ಅಂದ್ರೆ ಮಾತ್ರ ಎಲ್ರೂ ಬಗ್ಗಿ ಶೂ ಲೇಸ್ ಕಟ್ಟೋಕೆ ಶುರು ಮಾಡ್ತಾರೆ. ಕೀಪರ್ ಅಂತ ಇರೋನು ಒಬ್ನೇ, ಅವ್ನದ್ದು ಕೇಟರಿಂಗ್ ಕೆಲಸ. ಮೈಸೂರಲ್ಲಿ ಮುಹೂರ್ತ ಇರೋ ಭಾನುವಾರ ಅಂದ್ರೆ ಆಸಾಮಿ ಯಾವ್ದಾದ್ರೂ ಛತ್ರದ ಅಡುಗೆಮನೇಲಿರ್ತಾನೆ, ನಮ್ಮ ಲೀಗ್ ಮ್ಯಾಚೂ ಭಾನುವಾರವೇ. ಹಂಗಾಗಿ ಈ ಸಲ ಫಿಕ್ಸ್ಚರ್ ಬಂದಾಗ ಎದುರುಗಡೆ ಯಾರು ಅಂತ ಯಾರೂ ನೋಡ್ಲಿಲ್ಲ, ಮೊದ್ಲು ಪಂಚಾಂಗ ತೆಗೆದ್ವಿ.

ಮೊದಲರ್ಧ ಪೂರ್ತಿ ಆಷಾಢದಲ್ಲಿ ಬಿದ್ದಿತ್ತು! ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಆಳು ಫುಲ್ ಫ್ರೀ. ಶುಕ್ರವಾರದ ಪ್ರಾಕ್ಟೀಸ್‌ಗೆ ಮಾತ್ರ ಚಾಮುಂಡಿ ಬೆಟ್ಟಕ್ಕೆ ಹೋಗೋ ಜನದ ಮಧ್ಯೆ ಅರ್ಧ ಟೀಮ್ ಸಿಕ್ಕಾಕ್ಕೊಂಡು ಲೇಟಾಗ್ತಿತ್ತು, ಅದು ಬಿಡಿ.

ಅವ್ನು ಡೈವ್ ಹೊಡೆಯೋದು ಕಮ್ಮಿ. ಗೋಲು 7.32 ಮೀಟರ್ ಅಗಲ, 2.44 ಎತ್ತರ, ಗೆರೆ ಮೇಲೇ ನಿಂತ್ರೆ ಎರಡೂ ಕಡೆ ಬಾಗಿಲು ತೆಗೆದಿಟ್ಟಂಗೆ. ಯಾವನಾದ್ರೂ ಒಬ್ನೇ ಬಾಲ್ ತಗೊಂಡು ನುಗ್ಗಿದ್ರೆ ಇವ್ನು ಆರಾಮಾಗಿ ಮುಂದಕ್ಕೆ ಬಂದು, ಮಂಡಿ ಬಗ್ಗಿಸಿ, ಎಣ್ಣೆ ಸಿಡಿದು ಕಲೆಯಾಗಿರೋ ಮೊಣಕೈ ಅಗಲಿಸಿ ನಿಂತ್ಬಿಡ್ತಾನೆ, ಹೊಡೆಯೋನಿಗೆ ಗೋಲೇ ಕಾಣಲ್ಲ, ಪಾಪ ಎಲ್ಲೋ ಆಚೆ ಒದೀತಾನೆ. ಬಾಯಿ ಬೇರೆ! "ಎಡಗಡೆ ಖಾಲಿ ಐತೆ ನೋಡ್ರೋ" ಅಂತ ಪಂಕ್ತೀಲಿ ಬಡಿಸೋ ಹುಡುಗರಿಗೆ ಕೂಗೋ ಗಂಟಲಲ್ಲೇ ನಮ್ಮ ಡಿಫೆನ್ಸ್‌ನ ನಡೆಸ್ತಾನೆ. ಆಷಾಢ ಮುಗಿಯೋವರೆಗೂ ನಾವು ಒಂದೂ ಸೋಲ್ಲಿಲ್ಲ.

ಶ್ರಾವಣ ಬಂತು, ಆಳು ನಾಪತ್ತೆ.

ಎತ್ತರ ಇದಾನೆ ಅನ್ನೋ ಒಂದೇ ಕಾರಣಕ್ಕೆ ಲೆಫ್ಟ್ ಬ್ಯಾಕ್ ಹುಡುಗನಿಗೆ ಗ್ಲೌಸ್ ಹಾಕಿದ್ವಿ. ಮಳೆ ಬಿದ್ದು ಗ್ರೌಂಡ್ ಕೆಸರು, ಡಿಫೆನ್ಸ್ ಮಧ್ಯದಲ್ಲಿ ಆಡೋ ನಮ್ಮ ಸ್ಟಾಪರ್ ಹೆದರ್ಕೊಂಡು ಬಾಲ್‌ನ ಹಿಂದಕ್ಕೆ ಒದ್ದ, ಇವ್ನು ಭದ್ರವಾಗಿ ಎರಡು ಕೈಯಲ್ಲಿ ಎತ್ಕೊಂಡ. ಸೀಟಿ! "ಸರ್, ನಮ್ಮೋನೇ ಕೊಟ್ಟಿದ್ದು ಸರ್" ಅಂತಾನೆ ರೆಫ್ರಿಗೆ. ಅಯ್ಯೋ ಮಾರಾಯ, ಅದೇ ಕಣೋ ತಪ್ಪು, ನಮ್ಮೋರು ಬೇಕಂತ ಕಾಲಲ್ಲಿ ಕೊಟ್ಟಿದ್ದನ್ನ ಕೀಪರ್ ಕೈಯಲ್ಲಿ ಮುಟ್ಟೋ ಹಂಗಿಲ್ಲ ಅಂತ 1992ರಿಂದ ರೂಲ್ ಇದೆ. ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಟ್ರು, ಅಂದ್ರೆ ಇನ್ನೊಬ್ರಿಗೆ ತಾಗದೇ ನೇರ ಒಳಗೆ ಹೋದ್ರೆ ಗೋಲಲ್ಲ. ನಾವು ಹನ್ನೊಂದು ಜನಾನೂ ಗೆರೆ ಮೇಲೆ ಗೋಡೆ ಕಟ್ಟಿ ನಿಂತ್ವಿ, ಅವ್ರು ಸುಮ್ನೆ ಪಕ್ಕಕ್ಕೆ ಒಂಚೂರು ತಳ್ಳಿ ಢಮ್ ಅಂತ ಮೇಲ್ಗಡೆಯಿಂದ ಒಳಗೆ ಹಾಕಿದ್ರು. ಅಲ್ಲಿಂದ ಇಳಿಯೋಕೆ ಶುರುವಾಗಿದ್ದು ನಿಲ್ಲಲೇ ಇಲ್ಲ.

ಪಿತೃಪಕ್ಷದಲ್ಲಿ ಮದುವೆ ಇರಲ್ವಲ್ಲ, ಬರ್ತಾನೆ ಅಂತ ಕಾಯ್ಕೊಂಡಿದ್ವಿ. ತಿಥಿ ಊಟದ ಆರ್ಡರ್ ಇದೆ ಅಂದ! ದಸರಾದಲ್ಲಂತೂ ಕೇಳೋದೇ ಬೇಡ, ಇಡೀ ಊರೇ ಬ್ಯುಸಿ. ಕೊನೆಗೆ ಟೇಬಲ್‌ನಲ್ಲಿ ಮಧ್ಯದಲ್ಲೆಲ್ಲೋ ಮುಗಿಸಿದ್ವಿ. ಕೆಲಸ ಬಿಟ್ಟು ಬಾ ಅಂತ ಅವ್ನಿಗೆ ಹೇಳೋಕಾಗುತ್ತಾ? ಅವ್ನ ಮನೆ ನಡೀಬೇಕು, ನಮ್ಮ ಲೀಗಲ್ಲಿ ಗೆದ್ರೆ ಒಂದು ಕಪ್ಪು, ಜೊತೆಗೆ ಒಂದು ಫೋಟೋ ಅಷ್ಟೇ.

ನಮಗೆ ಕೋಚಿಂಗ್ ಮಾಡೋ ಮೇಷ್ಟ್ರು ಮಾತ್ರ ತಲೆ ಕೆಡಿಸ್ಕೊಂಡಿಲ್ಲ. ರಾಜ್ಯ ರಾಜ್ಯಗಳ ಟೀಮ್‌ಗಳು ಆಡೋ ಸಂತೋಷ್ ಟ್ರೋಫಿನ 1968-69ರಲ್ಲಿ ಮೈಸೂರು ರಾಜ್ಯ ಅನ್ನೋ ಹೆಸರಲ್ಲಿ ಗೆದ್ದಿದ್ದು, ಆಮೇಲೆ ಕರ್ನಾಟಕ ಗೆದ್ದಿದ್ದು 2023ರ ಮಾರ್ಚ್‌ನಲ್ಲಿ, ಅದೂ ರಿಯಾದ್‌ಗೆ ಹೋಗಿ ಮೇಘಾಲಯನ 3-2ರಲ್ಲಿ ಸೋಲಿಸಿ. "ರಾಜ್ಯವೇ 54 ವರ್ಷ ಕಾದಿದೆ, ನಿಮಗೇನ್ರೋ ಅವಸರ" ಅಂತಾರೆ.

ನಮಗೆ ಅವಸರ ಇದೆ ಮೇಷ್ಟ್ರೇ. ಧನುರ್ಮಾಸದಲ್ಲೂ ಮದುವೆ ಇರಲ್ಲ, ಆವಾಗೊಂದು ಸೆವೆನ್ಸ್, ಅಂದ್ರೆ ಏಳೇಳು ಜನ ಆಡೋ ಟೂರ್ನಮೆಂಟ್ ಇದೆ, ಎಂಟ್ರಿ ಫೀಸ್ ಕಟ್ಟಾಯ್ತು. ಬೆಳಗ್ಗೆ ದೇವಸ್ಥಾನದ ಪೊಂಗಲ್ ಆರ್ಡರ್ ಬರ್ಬಹುದು ಅಂತ ನಮ್ಮ ಕೀಪರ್ ಈಗ್ಲೇ ರಾಗ ಎಳೀತಿದಾನೆ, ಅದಕ್ಕೇ ಮ್ಯಾಚ್‌ನ ಸಾಯಂಕಾಲ ಇಡ್ಸೋಕೆ ಓಡಾಡ್ತಿದೀವಿ.